ಆರೋಗ್ಯ ಸಂಶೋಧನೆಗೆ ಅನುದಾನ: ಅರ್ಜಿ ಬರೆಯುವ ಮುನ್ನ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಈ ವಿಷಯದ ಮೇಲೆ ಮಾತನಾಡಲು ನಾನು ಎದ್ದು ನಿಂತಿದ್ದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಿರಬಹುದು. ನಾನು ವೈದ್ಯೆಯಲ್ಲ, ವಿಜ್ಞಾನಿಯೂ ಅಲ್ಲ. ಬಿ.ಇಡಿ. ಮುಗಿಸಿ ಮಕ್ಕಳಿಗೆ ಉರ್ದು ಮತ್ತು ಕನ್ನಡ ಕಲಿಸುತ್ತಿರುವ ಶಾಲಾ ಶಿಕ್ಷಕಿ. ಆದರೆ ನನ್ನ ಜೊತೆ ಪಿ.ಯು.ಸಿ. ಓದಿದ ಗೆಳತಿಯೊಬ್ಬಳು ಈಗ ವೈದ್ಯಕೀಯ ಕಾಲೇಜೊಂದರ ಸಮುದಾಯ ವೈದ್ಯಶಾಸ್ತ್ರ ವಿಭಾಗದಲ್ಲಿದ್ದಾಳೆ. ಗರ್ಭಿಣಿಯರ ಸಕ್ಕರೆ ಕಾಯಿಲೆ ಮತ್ತು ಅವರ ಮಕ್ಕಳ ಮುಂದಿನ ಆರೋಗ್ಯದ ಬಗ್ಗೆ ಹತ್ತು ವರ್ಷದ ಅಧ್ಯಯನ ನಡೆಸಬೇಕೆಂದು ಆಕೆ ಅನುದಾನಕ್ಕೆ ಅರ್ಜಿ ಹಾಕಿದ್ದಳು. ಅರ್ಜಿ ವಾಪಸು ಬಂತು. "ನೀನು ಎರಡೂ ಭಾಷೆ ಕಲಿಸ್ತೀಯಲ್ಲ, ಇದನ್ನೊಂದು ಸಲ ಕೂತು ನೋಡಿ ಕೊಡೆ" ಎಂದು ಕಾಗದಗಳ ಕಟ್ಟನ್ನೇ ನನ್ನ ಮುಂದಿಟ್ಟಳು. ಒಂದು ಬೇಸಿಗೆ ರಜೆ ಪೂರ್ತಿ ಆ ಕಾಗದಗಳ ಜೊತೆಯಲ್ಲೇ ಕಳೆಯಿತು. ಅಲ್ಲಿ ಕಲಿತದ್ದನ್ನು ತಮ್ಮ ಮುಂದೆ ಇಡುತ್ತಿದ್ದೇನೆ. ನಮ್ಮ ವಿದ್ಯಾರ್ಥಿಗಳಲ್ಲಿ ನಾಳೆ ವೈದ್ಯರು, ದಾದಿಯರು, ಸಂಖ್ಯಾಶಾಸ್ತ್ರ ಓದುವವರು ಆಗುವವರಿದ್ದಾರೆ. ಅವರಿಗೆ ಉಪಯೋಗವಾದೀತು.

ಮೊದಲು ಮನೆಯ ಮಾತೊಂದನ್ನು ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಬೀದಿಗೆ ಯಾರೋ ಬಂದು ಆರೋಗ್ಯ ಸಮೀಕ್ಷೆ ಎಂದು ಹೇಳಿ ಮನೆಮನೆಯಲ್ಲೂ ರಕ್ತ ತೆಗೆದುಕೊಂಡು ಹೋದರು. ನಮ್ಮ ಅಮ್ಮಿಯೂ ಕೈ ಚಾಚಿದರು. ಫಲಿತಾಂಶ ಬರಲೇ ಇಲ್ಲ. ನಾಲ್ಕು ವರ್ಷದ ನಂತರ ಕಾಲಿನ ಗಾಯ ಮಾಗದೆ ಆಸ್ಪತ್ರೆಗೆ ಹೋದಾಗಲೇ ಅಮ್ಮಿಗೆ ಸಕ್ಕರೆ ಕಾಯಿಲೆ ಇರುವುದು ನಮಗೆ ತಿಳಿದದ್ದು. ಆ ದಿನದ ರಕ್ತದಲ್ಲೇ ಅದು ಕಂಡಿತ್ತೋ ಇಲ್ಲವೋ ಹೇಳುವವರಿಲ್ಲ. ಅಮ್ಮಿ ಈಗಲೂ ಅನ್ನುವುದು ಒಂದೇ ಮಾತು: "ಖೂನ್ ಲೇಕೊ ಗಯೇ ಸೋ ಗಯೇಚ್." ರಕ್ತ ತೆಗೆದುಕೊಂಡು ಹೋದವರು ಹೋದರೇ ಹೋದರು. ನನ್ನ ಗೆಳತಿಯ ಅರ್ಜಿಯನ್ನು ಓದುವಾಗ ಈ ಮಾತು ನನ್ನ ಕಿವಿಯಲ್ಲಿ ಇದ್ದೇ ಇತ್ತು.

ಒಂದೇ ದಿನ ಸಕ್ಕರೆ ಅಳೆದು ಬರೆದುಕೊಂಡರೆ ಸಾಲದೇ, ಹತ್ತಾರು ವರ್ಷ ಏಕೆ ಹಿಂಬಾಲಿಸಬೇಕು ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ನಮ್ಮ ಮೈಸೂರಿನಲ್ಲೇ ಇದೆ. ಊರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದರು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮತ್ತು ಅವರ ಸಂಗಡಿಗರು ಆ ರಿಜಿಸ್ಟರುಗಳನ್ನು ಹಿಡಿದು ಹೊರಟರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಹತ್ತಿರದಲ್ಲೇ ಇನ್ನೂ ವಾಸವಾಗಿದ್ದ 517 ಮಂದಿಯನ್ನು ಪರೀಕ್ಷಿಸಿದರು. 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11 ಮಂದಿಗೆ ಹೃದಯದ ಕಾಯಿಲೆ ಇತ್ತು, 3.1 ಕಿಲೋಗಿಂತ ಹೆಚ್ಚಿದ್ದವರಲ್ಲಿ ಶೇ. 3 ಮಂದಿಗೆ ಮಾತ್ರ. ವಯಸ್ಸು 45 ದಾಟಿದವರಲ್ಲಿ ಈ ಸಂಬಂಧ ಇನ್ನೂ ಸ್ಪಷ್ಟವಾಗಿತ್ತು. ಆ ತೂಕ ಬರೆದ ದಾದಿಯರಿಗೆ ತಾವು ಸಂಶೋಧನೆಗೆ ನೆರವಾಗುತ್ತಿದ್ದೇವೆಂಬ ಕಲ್ಪನೆಯೂ ಇದ್ದಿರಲಾರದು. ಹಾಜರಿ ಪುಸ್ತಕ ಬರೆಯುವಾಗ ಬೇಸರಿಸುವ ನಮ್ಮಂಥ ಶಿಕ್ಷಕರು ಇದನ್ನು ನೆನಪಿಟ್ಟುಕೊಳ್ಳಬಹುದು.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಇನ್ನೊಂದು ಅಧ್ಯಯನ ಆರಂಭವಾಯಿತು. ಆರಂಭದಲ್ಲಿ ನೆರವು ನೀಡಿದ ಸ್ವಿಟ್ಜರ್ಲೆಂಡಿನ ಪಾರ್ಥೆನಾನ್ ಟ್ರಸ್ಟಿನ ಹೆಸರಿನಿಂದ ಅದನ್ನು ಮೈಸೂರು ಪಾರ್ಥೆನಾನ್ ಅಧ್ಯಯನ ಎನ್ನುತ್ತಾರೆ. ಎಂಟುನೂರಕ್ಕೂ ಹೆಚ್ಚು ಗರ್ಭಿಣಿಯರ ಸಕ್ಕರೆಯ ಪ್ರಮಾಣವನ್ನು ಪರೀಕ್ಷಿಸಿ, ಅವರಿಗೆ ಹುಟ್ಟಿದ ಮಕ್ಕಳನ್ನು ಮತ್ತೆ ಮತ್ತೆ ಕರೆದು ಅಳೆಯುತ್ತಾ ಬಂದರು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳ ಮೈಯಲ್ಲಿ ಒಂಬತ್ತು ಹತ್ತು ವರ್ಷಕ್ಕೇ ಕೊಬ್ಬು ಮತ್ತು ಇನ್ಸುಲಿನ್ ಹೆಚ್ಚಿರುವುದು ಕಂಡುಬಂತು. ಮಗು ಹತ್ತು ವರ್ಷ ಬೆಳೆಯುವವರೆಗೆ ಕಾಯದೆ ಇದನ್ನು ತಿಳಿಯುವ ದಾರಿಯೇ ಇರಲಿಲ್ಲ.

ಕಷ್ಟ ಇರುವುದು ಇಲ್ಲೇ. ಪ್ರಶ್ನೆ ಹತ್ತು ವರ್ಷದ್ದು, ಹಣ ಸಾಮಾನ್ಯವಾಗಿ ಸಿಗುವುದು ಮೂರರಿಂದ ಐದು ವರ್ಷಕ್ಕೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನ 1948ರಲ್ಲಿ ಶುರುವಾಗಿ 5,209 ಮಂದಿಯನ್ನು ನೋಡುತ್ತಾ ಬಂದದ್ದು. ರಕ್ತದೊತ್ತಡ, ಕೊಲೆಸ್ಟರಾಲ್, ಬೀಡಿ ಸಿಗರೇಟು ಹೃದಯಕ್ಕೆ ಅಪಾಯ ಎಂದು ಈ ಹೊತ್ತು ಎಲ್ಲರೂ ಹೇಳುವುದರ ಹಿಂದೆ ಅದರ ಪಾಲು ದೊಡ್ಡದು. ಅಂಥ ಅಧ್ಯಯನಕ್ಕೂ 1970ರ ಸುಮಾರಿಗೆ ಸರ್ಕಾರದ ಹಣ ನಿಲ್ಲುವ ಹಂತ ಬಂದು, ಖಾಸಗಿ ದೇಣಿಗೆ ಎತ್ತಿ ಉಳಿಸಿಕೊಳ್ಳಬೇಕಾಯಿತು. ಆದ್ದರಿಂದ ಅರ್ಜಿಯಲ್ಲಿ "ಹತ್ತು ವರ್ಷ ಆದ ಮೇಲೆ ಉತ್ತರ ಹೇಳುತ್ತೇವೆ" ಎಂದು ಬರೆದರೆ ಯಾರೂ ಒಪ್ಪುವುದಿಲ್ಲ. ಮೊದಲ ಮೂರು ವರ್ಷದಲ್ಲೇ ಪೂರ್ತಿಯಾಗುವ, ತನ್ನಷ್ಟಕ್ಕೆ ಬೆಲೆಯಿರುವ ಒಂದು ಉತ್ತರವನ್ನು ತೋರಿಸಬೇಕು. ನಮ್ಮ ಗೆಳತಿಯ ಮೊದಲ ಅರ್ಜಿಯಲ್ಲಿ ಅದಿರಲಿಲ್ಲ. ಎರಡನೆಯದರಲ್ಲಿ, ತಾಲ್ಲೂಕಿನ ಗರ್ಭಿಣಿಯರಲ್ಲಿ ಎಷ್ಟು ಮಂದಿಗೆ ಸಕ್ಕರೆ ಇದೆ, ಅವರ ಶಿಶುಗಳ ತೂಕ ಎಷ್ಟು ಎಂಬುದನ್ನು ಮೊದಲ ಘಟ್ಟವಾಗಿ ಬರೆದಳು. ಮಕ್ಕಳ ಬೆಳವಣಿಗೆ ಮುಂದಿನ ಘಟ್ಟ, ಅದಕ್ಕೆ ಮುಂದಿನ ಅರ್ಜಿ.

ವಾಪಸು ಬಂದ ಅರ್ಜಿಯ ಜೊತೆ ಪರಿಶೀಲಕರ ಟಿಪ್ಪಣಿ ಇತ್ತು. ಅದನ್ನು ಓದಿ ಆಕೆಗೆ ಮೊದಲು ಕೋಪ ಬಂತು, ಆಮೇಲೆ ನಗು ಬಂತು. ಒಂದು ಟಿಪ್ಪಣಿ ಹೀಗಿತ್ತು: ನಿಮ್ಮಲ್ಲಿ ಹೆಸರು ನೋಂದಾಯಿಸಿದ ಗರ್ಭಿಣಿ ಹೆರಿಗೆಗೆ ಎಲ್ಲಿ ಹೋಗುತ್ತಾಳೆ? ನೋಡಿ, ಇದು ನಮ್ಮ ನಾಡಿನ ಪ್ರತಿ ಹೆಂಗಸಿಗೂ ಗೊತ್ತಿರುವ ಸಂಗತಿ. ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೇ ತಿಂಗಳಾಗುತ್ತಲೇ ತಾಯಿ ಬಂದು ಕರೆದುಕೊಂಡು ಹೋಗುತ್ತಾಳೆ, ಬಾಣಂತನ ಮುಗಿಸಿ ಮೂರು ತಿಂಗಳೋ ಐದು ತಿಂಗಳೋ ಕಳೆದು ಬರುತ್ತಾಳೆ. ಶಿಶುವಿನ ತೂಕ ಅಳೆಯುವವರು ಯಾರು? ಎಂ.ಡಿ. ಮಾಡಿದವಳು ಇದನ್ನು ಬರೆಯಲು ಮರೆತಿದ್ದಳು! ತವರಿನ ಊರು, ಅಲ್ಲಿನ ಫೋನ್, ಅಲ್ಲಿನ ಆಶಾ ಕಾರ್ಯಕರ್ತೆಯ ಹೆಸರನ್ನು ಮೊದಲ ಭೇಟಿಯಲ್ಲೇ ಬರೆದುಕೊಳ್ಳಬೇಕು ಎಂದು ಈಗ ಸೇರಿಸಿದ್ದಾಳೆ.

ಹೆಸರಿನ ತೊಡಕು ನಾನು ಕಂಡು ಹೇಳಿದ್ದು. ನಮ್ಮ ಕೇರಿಯಲ್ಲಿ ಒಂದೇ ಹೆಸರಿನ ನಾಲ್ವರು ಹೆಂಗಸರಿರುತ್ತಾರೆ. ಅದೇ ಹೆಂಗಸಿನ ಹೆಸರು ಪಡಿತರ ಚೀಟಿಯಲ್ಲಿ ಬೀ ಎಂದು, ಆಧಾರ್‌ನಲ್ಲಿ ಬೇಗಂ ಎಂದು, ತಾಯಿ ಕಾರ್ಡಿನಲ್ಲಿ ಬಾನು ಎಂದು ಮುಗಿಯುತ್ತದೆ. ಶಾಲೆಯ ದಾಖಲಾತಿಯಲ್ಲಿ ದಿನವೂ ನಾವು ಪಡುವ ಪಾಡು ಇದು. ಹತ್ತು ವರ್ಷ ಒಬ್ಬಳನ್ನೇ ಹುಡುಕಬೇಕಾದರೆ ಹೆಸರನ್ನು ನಂಬಿ ಕೂರುವಂತಿಲ್ಲ. ಪ್ರತಿಯೊಬ್ಬರಿಗೂ ಒಂದು ಅಧ್ಯಯನ ಸಂಖ್ಯೆ, ಜೊತೆಗೆ ಬೇರೆ ಬೇರೆ ಮನೆಯಲ್ಲಿರುವ ಇಬ್ಬರು ಹತ್ತಿರದವರ ಫೋನ್ ನಂಬರು ಬೇಕು. ಬಾಡಿಗೆ ಮನೆಯವರು ಎರಡು ವರ್ಷಕ್ಕೊಮ್ಮೆ ಮನೆ ಬದಲಿಸುತ್ತಾರೆ. ಸಿಮ್ ಅದಕ್ಕಿಂತ ಬೇಗ ಬದಲಾಗುತ್ತದೆ.

ಇದಕ್ಕೆ ಲೆಕ್ಕವೂ ಇದೆ. ಗಣಿತದ ಮಾಸ್ತರರು ಇಲ್ಲಿದ್ದಾರೆ, ತಪ್ಪಾದರೆ ತಿದ್ದಲಿ. 1,000 ಮಂದಿಯಿಂದ ಆರಂಭಿಸಿ ಪ್ರತಿ ವರ್ಷ ನೂರಕ್ಕೆ ಐವರು ಕೈತಪ್ಪಿ ಹೋದರೆಂದುಕೊಳ್ಳಿ. ಐದು ವರ್ಷಕ್ಕೆ ಉಳಿಯುವುದು ಸುಮಾರು 774, ಹತ್ತು ವರ್ಷಕ್ಕೆ ಸುಮಾರು 599. ಉತ್ತರ ಹೇಳಲು ಕೊನೆಯಲ್ಲಿ 600 ಮಂದಿ ಬೇಕೇ ಬೇಕೆಂದಾದರೆ ಆರಂಭದಲ್ಲೇ ಸಾವಿರ ಮಂದಿಯನ್ನು ಸೇರಿಸಬೇಕು. ಹಣವನ್ನು ಸಾವಿರ ಮಂದಿಗೇ ಕೇಳಬೇಕು. ಅದಕ್ಕಿಂತ ಕೆಟ್ಟದ್ದೆಂದರೆ, ಕೈತಪ್ಪಿ ಹೋಗುವವರು ಹೆಚ್ಚಾಗಿ ಬಡವರು, ಗುಳೆ ಹೋಗುವವರು. ಅವರು ಹೋದ ಮೇಲೆ ಉಳಿದವರನ್ನು ಅಳೆದು ಊರೆಲ್ಲ ಹೀಗೇ ಇದೆ ಎಂದರೆ ಆ ಉತ್ತರವೇ ಸುಳ್ಳು.

ಇನ್ನು ಭಾಷೆಯ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನನ್ನ ಕೆಲಸ ಇದ್ದದ್ದು ಇಲ್ಲೇ. ಅಧ್ಯಯನಕ್ಕೆ ಸೇರುವವರಿಗೆ ಮಾಹಿತಿ ಪತ್ರ ಮತ್ತು ಒಪ್ಪಿಗೆ ಪತ್ರವನ್ನು ಅವರದೇ ಭಾಷೆಯಲ್ಲಿ ಕೊಡಬೇಕು, ಅರ್ಜಿಯೊಂದಿಗೆ ಲಗತ್ತಿಸಬೇಕು. ಯಾರಿಂದಲೋ ಹಣ ಕೊಟ್ಟು ಮಾಡಿಸಿದ ಅನುವಾದ ಅಲ್ಲಿತ್ತು. ಉರ್ದುವಿನಲ್ಲಿ ಸಂಶೋಧನೆಗೆ 'ತಹಖೀಖಾತ್' ಎಂದು ಹಾಕಿದ್ದರು. ನಮ್ಮ ಹೆಂಗಸರಿಗೆ ಆ ಪದ ಕೇಳಿದರೆ ನೆನಪಾಗುವುದು ಪೊಲೀಸ್ ತನಿಖೆ! ಯಾರು ಸಹಿ ಹಾಕುತ್ತಾರೆ? ಕನ್ನಡದಲ್ಲಿ 'ಅನುಸರಣಾ ಭೇಟಿ' ಎಂದಿತ್ತು. ಅದನ್ನು ಓದಿ ಹೇಳಿದಾಗ ಒಬ್ಬ ತಾಯಿ "ನಮ್ಮ ಹಿಂದೇನೇ ಬರ್ತಾರಾ?" ಎಂದು ಕೇಳಿದರು. 'ವರ್ಷಕ್ಕೊಮ್ಮೆ ಮತ್ತೆ ಬಂದು ಮಗುವನ್ನು ನೋಡುತ್ತೇವೆ' ಎಂದು ಬದಲಾಯಿಸಿದೆ. 'ಐದು ಮಿಲಿಲೀಟರ್ ರಕ್ತ' ಎಂಬುದು 'ಒಂದು ಟೀ ಚಮಚದಷ್ಟು ರಕ್ತ' ಆಯಿತು. 'ಯಾದೃಚ್ಛಿಕ ಆಯ್ಕೆ' ಎಂಬುದು 'ಚೀಟಿ ಎತ್ತಿದ ಹಾಗೆ' ಆಯಿತು. ನಾನು ಬರೆದದ್ದನ್ನು ನನಗೆ ಗೊತ್ತಿಲ್ಲದ ಇನ್ನೊಬ್ಬರು ತಿರುಗಿ ಇಂಗ್ಲಿಷಿಗೆ ಮಾಡಿದರು. ಎರಡು ಇಂಗ್ಲಿಷೂ ಹೊಂದುತ್ತವೆಯೇ ಎಂದು ನೋಡುತ್ತಾರೆ. ಮೊದಲ ಸಲ ನನ್ನದೇ ಮೂರು ವಾಕ್ಯಗಳು ಹೊಂದಲಿಲ್ಲ. ಮಕ್ಕಳ ಪ್ರಬಂಧಕ್ಕೆ ಕೆಂಪು ಶಾಯಿ ಹಾಕುವವಳಿಗೆ ಒಂದಿಷ್ಟು ಬುದ್ಧಿ ಬಂತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐ.ಸಿ.ಎಂ.ಆರ್., 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಯನ್ನು ಅರ್ಜಿ ಬರೆಯುವವರು ಓದಲೇಬೇಕು. ಮಗುವಿಗೆ ಏಳು ವರ್ಷ ತುಂಬಿದ ಮೇಲೆ ತಂದೆ ತಾಯಿಯ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯನ್ನೂ ಬಾಯಿಮಾತಿನಲ್ಲಿ ಕೇಳಬೇಕು, ಹನ್ನೆರಡರ ನಂತರ ಬರಹದಲ್ಲಿ. ಹತ್ತು ವರ್ಷದ ಅಧ್ಯಯನದಲ್ಲಿ ಹೊಟ್ಟೆಯೊಳಗಿದ್ದ ಮಗು ಸಮ್ಮತಿ ಕೊಡುವ ವಯಸ್ಸಿಗೆ ಬಂದಿರುತ್ತದೆ, ಅದಕ್ಕೂ ಪತ್ರ ಸಿದ್ಧವಿರಬೇಕು. ಅರ್ಜಿಯನ್ನು ಪರಿಶೀಲಿಸುವ ನೈತಿಕ ಸಮಿತಿಯಲ್ಲಿ ವೈದ್ಯರು ಮಾತ್ರವಲ್ಲ, ಕಾನೂನು ಬಲ್ಲವರು ಮತ್ತು ಸಾಮಾನ್ಯ ಜನರ ಪರವಾಗಿ ಒಬ್ಬ ಓದು ಬಲ್ಲ ನಾಗರಿಕರು ಇರಬೇಕೆಂಬ ನಿಯಮವಿದೆ. ನಿವೃತ್ತ ಶಿಕ್ಷಕರು ಅಂಥ ಸ್ಥಾನದಲ್ಲಿ ಕೂರಬಹುದು. ಕರೆ ಬಂದರೆ ಹಿಂಜರಿಯಬೇಡಿ.

ಹಣದ ಪಟ್ಟಿಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪ್ರತಿ ಸಾಲಿಗೂ ಏಕೆ ಎಂಬ ವಿವರಣೆ ಬೇಕು. ನಮ್ಮ ಗೆಳತಿ ರಕ್ತದ ಮಾದರಿಗಳನ್ನು ಮೈನಸ್ 80 ಡಿಗ್ರಿಯಲ್ಲಿಡುವ ಫ್ರೀಜರ್ ಕೇಳಿದ್ದಳು, ಕರೆಂಟು ಹೋದರೆ ಏನು ಮಾಡುತ್ತೀರಿ ಎಂಬುದಕ್ಕೆ ಉತ್ತರ ಇಟ್ಟಿರಲಿಲ್ಲ. ಮನೆಮನೆಗೆ ಹೋಗುವ ಕಾರ್ಯಕರ್ತೆಯರ ಸಂಬಳವನ್ನು ಮೂರೂ ವರ್ಷಕ್ಕೆ ಒಂದೇ ಮೊತ್ತ ಹಾಕಿದ್ದಳು. ಹಾಗಾದರೆ ಎರಡನೇ ವರ್ಷ ಅವರು ಕೆಲಸ ಬಿಡುತ್ತಾರೆ, ಅವರ ಜೊತೆಗೇ ಮನೆಗಳ ಪರಿಚಯವೂ ಹೋಗುತ್ತದೆ. ಪರೀಕ್ಷೆಗೆ ಬರುವ ತಾಯಿಗೆ ಬಸ್ಸಿನ ಖರ್ಚು ಮತ್ತು ಆ ದಿನದ ಕೂಲಿ ಹಾಕಲೇಬೇಕು. ಬೀಡಿ ಕಟ್ಟುವವಳಿಗೆ ಅರ್ಧ ದಿನ ಎಂದರೆ ಅರ್ಧ ದಿನದ ಊಟ.

ನಮ್ಮಂಥ ಸಂಘಗಳಿಗೆ ಒಂದು ಎಚ್ಚರಿಕೆ. ವಿದೇಶದ ಹಣ ತರಿಸುವುದಾದರೆ ವಿದೇಶಿ ವಂತಿಗೆ ಕಾಯ್ದೆಯ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಆರೋಗ್ಯ ಸಂಶೋಧನೆಗಾದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆಯನ್ನೂ ನೋಡಿಕೊಳ್ಳಬೇಕು. ವೈದ್ಯಕೀಯ ಕಾಲೇಜೊಂದು ಅರ್ಜಿದಾರನಾಗಿ, ಸಂಘವು ಜನರನ್ನು ತಲುಪಲು ಜೊತೆಗೂಡುವುದೇ ಸರಿಯೆಂದು ನನಗೆ ತೋರುತ್ತದೆ.

ತಿದ್ದಿದ ಮಾಹಿತಿ ಪತ್ರವನ್ನು ಕಳುಹಿಸುವ ಮೊದಲು ಅಮ್ಮಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ರಿಪೋರ್ಟ್ ಲಾಕೊ ದೇತೆ ಕ್ಯಾ?" ಎಂದರು. ವರದಿ ತಂದು ಕೊಡುತ್ತಾರಾ? ಹುಡುಕಿದೆ. ನಾಲ್ಕು ಪುಟದಲ್ಲಿ ಎಲ್ಲಿಯೂ ಆ ಮಾತು ಇರಲಿಲ್ಲ, ನನಗೂ ಕಂಡಿರಲಿಲ್ಲ. ರಾತ್ರಿಯೇ ಗೆಳತಿಗೆ ಫೋನ್ ಮಾಡಿದೆ. ಈಗ ಮೊದಲ ಪುಟದಲ್ಲೇ, ಪರೀಕ್ಷೆಯ ಫಲಿತಾಂಶವನ್ನು ಹದಿನೈದು ದಿನದೊಳಗೆ ಮನೆಗೆ ತಲುಪಿಸುತ್ತೇವೆ, ಸಕ್ಕರೆ ಹೆಚ್ಚಿದ್ದರೆ ಅದೇ ವಾರ ವೈದ್ಯರ ಬಳಿ ಕಳುಹಿಸುತ್ತೇವೆ ಎಂದಿದೆ. ಅದಕ್ಕೆ ಬೇಕಾದ ಓಡಾಟದ ಖರ್ಚನ್ನೂ ಹಣದ ಪಟ್ಟಿಗೆ ಸೇರಿಸಿದ್ದಾಳೆ.

ಅರ್ಜಿ ಎರಡನೇ ಸಲ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ. ಎರಡೂ ಭಾಷೆಯ ಪತ್ರಗಳ ಪ್ರತಿ ನನ್ನ ಬಳಿ ಇದೆ, ನೋಡಬೇಕೆನ್ನುವ ವಿದ್ಯಾರ್ಥಿಗಳು ಊಟದ ನಂತರ ಬಂದು ಕೇಳಬಹುದು.