ಚಾದಂಗಡಿಯ ಬೆಂಚು

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಬೆಳಗಾಗುವುದು ಮಗ್ಗದ ಸದ್ದಿನೊಂದಿಗೆ. ವಿದ್ಯುತ್ ಮಗ್ಗಗಳು ಓಡುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದು. ನೇಕಾರರು ತಾಸುಗಟ್ಟಲೆ ಸೀರೆ ನೇಯುತ್ತಾರೆ, ಮಾತಿಲ್ಲದೆ. ಅದಕ್ಕೇ ಓಣಿಯ ತುದಿಯ ಸಣ್ಣ ಚಾದಂಗಡಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಅಲ್ಲಿರುವುದು ಗಿಡ್ಡ ಬೆಂಚು. ಹೊಸಬರು ಬಂದರೆ "ಬರ್ರಿ, ಕುಂದರ್ರಿ" ಎಂದು ಎಲ್ಲರೂ ಸರಿಯುತ್ತಾರೆ. ಒಂದು ಚಹಾ ಎರಡು ಕಪ್ಪಿಗೆ ಹಂಚಿಹೋಗುತ್ತದೆ. ಯಾರಿಗೆ ಕಡಕ್ ಬೇಕು, ಯಾರಿಗೆ ಸಕ್ಕರೆ ಬೇಡ, ಅಂಗಡಿಯವರಿಗೆ ಗೊತ್ತು. ಇಲ್ಲಿ ನೂಲಿನ ದರದ ಮಾತು. ಮುಧೋಳ, ಜಮಖಂಡಿ, ಬೀಳಗಿಯ ಕಡೆಯ ಚಾದಂಗಡಿಗಳಲ್ಲಿ ಕಬ್ಬಿನ ಬಿಲ್ಲಿನ ಮಾತು. ದೊಡ್ಡ ಹೋಟೆಲಿನಲ್ಲಿ ನಮ್ಮ ಮೇಜು ನಮಗೆ, ಅವರ ಮೇಜು ಅವರಿಗೆ. ಇಲ್ಲಿ ಭುಜಕ್ಕೆ ಭುಜ ತಾಗುತ್ತದೆ. ಸುಮ್ಮನಿರಲು ಆಗುವುದೇ ಇಲ್ಲ. ಜಾಗ ಸಣ್ಣದಾದಷ್ಟೂ ಪರಿಚಯ ಬೇಗ. ಎರಡು ದಿನ ಕಾಣದವರನ್ನು ಮನೆಗೇ ಹೋಗಿ ವಿಚಾರಿಸುತ್ತಾರೆ.

ಒಂದು ಕೊರಗು ಮಾತ್ರ ನನಗಿದೆ. ಮನೆಯೊಳಗೆ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ತಾಯಂದಿರು, ಅಕ್ಕಂದಿರು ಈ ಬೆಂಚಿನಲ್ಲಿ ಕಾಣುವುದು ಅಪರೂಪ. ಅವರೂ ದಣಿಯುತ್ತಾರೆ. ಅವರಿಗೂ ಹೇಳಿಕೊಳ್ಳುವ ಮಾತು ಬಹಳಷ್ಟಿದೆ. ಇಂದು ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಅವರಿಗೂ ಚಹಾ ಇಡೋಣ, ನಾವೇ ಕಾಸಿ.