ನಿದ್ದೆ ಬಾರದ ಮಗುವಿಗೆ ಬೈಗುಳ ಮದ್ದಲ್ಲ

(ಸ್ವಸಹಾಯ ಸಂಘಗಳ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳು)



ಎರಡು ತಿಂಗಳ ಹಿಂದೆ ಸಭೆ ಮುಗಿದ ಮೇಲೆ ಒಬ್ಬ ತಾಯಿ ನಮ್ಮ ಹತ್ತಿರ ಬಂದು ಕಣ್ಣೀರು ಹಾಕಿದರು. "ಏಳನೇ ಕ್ಲಾಸಿನ ಮಗಳಿಗೆ ರಾತ್ರಿ ಹನ್ನೊಂದಾದರೂ ನಿದ್ದೆ ಬರೋದಿಲ್ಲ. ಬೆಳಿಗ್ಗೆ ಏಳೋದಿಲ್ಲ, ಶಾಲೆಯಲ್ಲಿ ತೂಕಡಿಸ್ತಾಳೆ. ಸೋಮಾರಿ ಅಂತ ಬೈದೆ, ಹೊಡೆದೂ ಬಿಟ್ಟೆ" ಅಂದರು. ನಮ್ಮಲ್ಲಿ ಎಷ್ಟು ಜನ ಹೀಗೆ ಮಾಡಿಲ್ಲ, ಹೇಳಿ?

6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅದು ಸಿಗದಿದ್ದರೆ ಸುಸ್ತು, ಸಿಡುಕು, ಮರೆವು ಬರುತ್ತವೆ. ಮೊದಲು ಡಾಕ್ಟರಿಗೆ ತೋರಿಸಿ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಗೊರಕೆ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮಗು ಬಳಲುತ್ತದೆ. ಡಾಕ್ಟರು ಹೇಳದೆ ನಿದ್ದೆ ಮಾತ್ರೆ ಕೊಡಲೇಬಾರದು.

ಬೇರೆ ಕಾಯಿಲೆ ಇಲ್ಲವೆಂದಾದರೆ ಸಿಬಿಟಿ ಎಂಬ ಚಿಕಿತ್ಸೆ ಇದೆ. ಯೋಚನೆ ಮತ್ತು ಅಭ್ಯಾಸ ಎರಡನ್ನೂ ತಿದ್ದುವುದೇ ಅದರ ಕೆಲಸ. ಅದರ ಒಂದು ಮುಖ್ಯ ಭಾಗವನ್ನು ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಬೂಟ್ಜಿನ್ 1972ರಲ್ಲಿ ತಿಳಿಸಿಕೊಟ್ಟರು. ಎಷ್ಟೋ ರಾತ್ರಿ ಹಾಸಿಗೆಯಲ್ಲಿ ಹೊರಳಾಡಿದವರಿಗೆ ಹಾಸಿಗೆ ಕಂಡರೇ ಎಚ್ಚರವಾಗುವ ಅಭ್ಯಾಸ ಬೀಳುತ್ತದೆ. ಆ ನಂಟನ್ನು ಬಿಡಿಸಬೇಕು.

ನಮ್ಮ ಮನೆಗಳು ಚಿಕ್ಕವು. ಓದು, ಊಟ, ಟಿ.ವಿ. ಎಲ್ಲ ಒಂದೇ ಚಾಪೆಯ ಮೇಲೆ. ಅದಕ್ಕೇ ಮಲಗುವ ಚಾಪೆಯನ್ನು ಹಗಲು ಸುತ್ತಿಡಿ, ಮಲಗುವಾಗ ಮಾತ್ರ ಹಾಸಿ. ಮಲಗುವ ಒಂದು ಗಂಟೆ ಮೊದಲು ಟಿ.ವಿ., ಮೊಬೈಲು ಬಂದ್, ದೊಡ್ಡವರದೂ ಸಹ. ಸುಮಾರು 20 ನಿಮಿಷದಲ್ಲಿ ನಿದ್ದೆ ಬರದಿದ್ದರೆ ಮಗು ಎದ್ದು ಮಂದ ಬೆಳಕಿನಲ್ಲಿ ಸುಮ್ಮನೆ ಕೂರಲಿ, ತೂಕಡಿಕೆ ಬಂದಾಗ ಮತ್ತೆ ಮಲಗಲಿ. ಏಳುವ ಹೊತ್ತು ಮಾತ್ರ ಭಾನುವಾರವೂ ಒಂದೇ ಇರಲಿ. ಮಲಗಿದ್ದು, ಎದ್ದದ್ದು ಎರಡು ವಾರ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಅದನ್ನು ನೋಡಿ ಮಲಗುವ ಹೊತ್ತನ್ನು ಹೇಗೆ ಬದಲಿಸಬೇಕೆಂದು ಆಪ್ತಸಮಾಲೋಚಕರು ಹೇಳುತ್ತಾರೆ. ನಾವೇ ನಿದ್ದೆ ಕಡಿತ ಮಾಡಬಾರದು.

ಇನ್ನು ಯೋಚನೆಯ ಮಾತು. ಆ ತಾಯಿ ಬೈಯುವುದನ್ನು ಬಿಟ್ಟು, ಸಂಜೆ ಹೊತ್ತು ಮಗಳ ಪಕ್ಕದಲ್ಲಿ ಕೂತು ಮಾತಾಡಿಸತೊಡಗಿದರು. ನಾಲ್ಕನೇ ದಿನ ಮಗಳು ಬಾಯಿಬಿಟ್ಟಳು: "ಅಮ್ಮಾ, ನಿದ್ದೆ ಬರದಿದ್ರೆ ನಾಳೆ ಲೆಕ್ಕ ತಪ್ಪುತ್ತೆ, ಎಲ್ಲರೂ ನಗ್ತಾರೆ." ನಿದ್ದೆ ಬರುವುದಿಲ್ಲ ಎಂಬ ಭಯವೇ ನಿದ್ದೆಯನ್ನು ಓಡಿಸುತ್ತಿತ್ತು! "ಒಂದು ರಾತ್ರಿ ನಿದ್ದೆ ಕಡಿಮೆಯಾದರೆ ಸುಸ್ತಾಗಬಹುದು, ಆದರೆ ಎಲ್ಲ ಮುಗಿದು ಹೋಗೋದಿಲ್ಲ" ಎಂದು ಆಕೆ ಈಗ ತನಗೆ ತಾನೇ ಹೇಳಿಕೊಳ್ಳಲು ಕಲಿಯುತ್ತಿದ್ದಾಳೆ. ಪೂರ್ತಿ ಸರಿಹೋಗಿಲ್ಲ, ಆದರೆ ಶಾಲೆಯಲ್ಲಿ ತೂಕಡಿಸುವುದು ಕಡಿಮೆಯಾಗಿದೆ.

ಯಾರನ್ನು ಕೇಳುವುದು ಎಂದು ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ಸಹಾಯವಾಣಿ ಇದು. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇವತ್ತು ಮನೆಗೆ ಹೋದ ಮೇಲೆ "ಯಾಕೆ ಮಲಗೋದಿಲ್ಲ?" ಎಂದು ಗದರುವುದು ಬೇಡ. ದೀಪ ಆರಿಸುವುದಕ್ಕೆ ಎಷ್ಟೋ ಮೊದಲೇ, "ಮನಸ್ಸಲ್ಲಿ ಏನಿದೆ ಮಗಾ?" ಎಂದು ಕೇಳೋಣ.