ಅಡುಗೆಮನೆಯ ಹೂ ಕುಟುಂಬಗಳು



ನಾಸಿಕದವರಾದ ನಮಗೆ ಈರುಳ್ಳಿ ಎಂದರೆ ಲಾಸಲಗಾಂವದ ಮಾರುಕಟ್ಟೆಯ ಬೆಲೆ. ಅದರ ಮನೆತನ ಗೊತ್ತೇ? ಗಿಡಗಳ ಕುಟುಂಬ ಗುರುತಿಸಲು ಮುಖ್ಯವಾಗಿ ಹೂವಿನ ರಚನೆ ನೋಡುತ್ತಾರೆ. ಬೆಂಥಮ್ ಮತ್ತು ಹುಕರ್ 1862ರಿಂದ 1883ರವರೆಗೆ ಪ್ರಕಟಿಸಿದ ವರ್ಗೀಕರಣದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಲಿಲ್ಲಿಯ ಮನೆಯವು. ಈಗ ಡಿಎನ್‌ಎ ಪರೀಕ್ಷಿಸಿ ಅವನ್ನು ಅಮರಿಲ್ಲಿಡೇಸಿ ಕುಟುಂಬಕ್ಕೆ ಸೇರಿಸಿದ್ದಾರೆ. ತಡವಾಗಿಯಾದರೂ ನಿಜವಾದ ತವರು ಸಿಕ್ಕಿತು!

ಸಂಭಾಜಿನಗರದ ಸಹೋದರಿಯರೇ, ನಿಮ್ಮ ಹಿಮ್ರೂ ಶಾಲಿನ ಹತ್ತಿ, ಪಲ್ಯದ ಬೆಂಡೆ, ಪೂಜೆಯ ದಾಸವಾಳ ಮೂರೂ ಮಾಲ್ವೇಸಿ ಕುಟುಂಬದವು. ಹೂ ನೋಡಿ: ಐದು ದಳ, ನಡುವೆ ಕೇಸರಗಳೆಲ್ಲ ಕೂಡಿದ ಒಂದೇ ಕೊಳವೆ.

ಆದರೆ ಒಂದೇ ಕುಟುಂಬವೆಂದರೆ ಒಂದೇ ಗುಣವಲ್ಲ. ಟೊಮೆಟೊ, ಬದನೆ, ಮೆಣಸಿನಕಾಯಿ ಇರುವ ಸೊಲನೇಸಿಯಲ್ಲೇ ವಿಷದ ದತ್ತೂರವೂ ಇದೆ. ಶಿವನಿಗೆ ಏರಿಸಿದ್ದು ಮಕ್ಕಳ ಬಾಯಿಗೆ ಹೋಗಬಾರದು. ಗಿಡ ತೋರಿಸಿ, ಹೆಸರು ಹೇಳಿಕೊಡಿ.

ನಮ್ಮ ಮನೆಗಳಲ್ಲಿ ಬೆಂಡೆ ಭೇಂಡಿಯಾಗಿದೆ, ದಾಸವಾಳ ಜಾಸ್ವಂದಿಯಾಗಿದೆ. ಮರಾಠಿ ಹೆಸರು ಬೇಕು, ಅದು ಈ ನೆಲದ್ದು. ವಿ. ಎನ್. ನಾಯಕ್ ಅವರು 1998ರಲ್ಲಿ ಮರಾಠವಾಡದ ಸಸ್ಯಗಳನ್ನು ಕುಟುಂಬವಾರು ಗ್ರಂಥದಲ್ಲಿ ದಾಖಲಿಸಿದರು. ಕನ್ನಡದ ಹೆಸರುಗಳನ್ನು ಈ ಊರುಗಳಲ್ಲಿ ಉಳಿಸಬೇಕಾದವರು ನಾವೇ. ಇಂದು ಸಂಜೆ ತರಕಾರಿ ಹೆಚ್ಚುವಾಗಲೇ ಶುರುಮಾಡೋಣ.